ಸೈಕಲ್ ಸವಾರನಿಗೂ ರಸ್ತೆಯಲ್ಲಿ ಹಕ್ಕಿದೆ



ಕೇರಳದ ಕೋಯಿಕ್ಕೋಡಿನಿಂದ ಹೊರಟು, ಬಂಡೀಪುರದ ಕಾಡನ್ನು ಹಾದು, ಗುಂಡ್ಲುಪೇಟೆ, ನಂಜನಗೂಡು, ಮೈಸೂರು, ತಿ. ನರಸೀಪುರಗಳ ಮೂಲಕ ಕೊಳ್ಳೇಗಾಲವನ್ನು ಮುಟ್ಟುವ ರಸ್ತೆ ರಾಷ್ಟ್ರೀಯ ಹೆದ್ದಾರಿ 766. ಹಿಂದೆ ಇದರ ಸಂಖ್ಯೆ 212 ಆಗಿತ್ತು. ವನ್ಯಜೀವಿಗಳು ವಾಹನಗಳಿಗೆ ಸಿಲುಕಿ ಸಾಯುತ್ತಿವೆ ಎಂಬ ಕಾರಣಕ್ಕಾಗಿ 2009ರಲ್ಲಿ ಬಂಡೀಪುರದೊಳಗೆ ಈ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರವನ್ನು ನಿಷೇಧಿಸಲಾಯಿತು. 2010ರಲ್ಲಿ ಕರ್ನಾಟಕ ಹೈಕೋರ್ಟ್ ಆ ಆದೇಶವನ್ನು ಎತ್ತಿಹಿಡಿಯಿತು. ಜಿಂಕೆ ಅರ್ಜಿ ಬರೆಯಲಾರದು; ಅದರ ಪರವಾಗಿ ಮನುಷ್ಯರು ನಿಂತರು. ಅದೇ ರಸ್ತೆ ಕಾಡನ್ನು ಬಿಟ್ಟು ಬಯಲಿಗೆ ಇಳಿದ ಮೇಲೆ, ಅದರ ಅಂಚಿನಲ್ಲಿ ಸೈಕಲ್ ತುಳಿಯುವ ಮನುಷ್ಯನ ಪರವಾಗಿ ನಿಲ್ಲುವವರು ಯಾರು ಎಂಬುದೇ ಈ ಹೊತ್ತಿನ ಪ್ರಶ್ನೆ.

ನಂಜನಗೂಡಿನ ಕೈಗಾರಿಕಾ ಪ್ರದೇಶಕ್ಕೆ ಪಾಳಿ ಕೆಲಸಕ್ಕೆ ಹೋಗುವವರು, ಹಾಲಿನ ಕ್ಯಾನನ್ನು ಡೇರಿಗೆ ಒಯ್ಯುವವರು, ತಿ. ನರಸೀಪುರದ ನಾಲೆ ಬಯಲಿನ ಗದ್ದೆಗಳಿಂದ ಹುಲ್ಲಿನ ಹೊರೆಯೊಡನೆ ಮರಳುವವರು, ಬೆಟ್ಟದ ತಪ್ಪಲಿನಿಂದ ಕಬ್ಬು ಕಡಿಯಲು ಬಂದವರು, ಶಾಲೆಗೆ ಹೋಗುವ ಮಕ್ಕಳು: ಸೈಕಲನ್ನು ನಂಬಿದವರು ಇವರೇ. ರಾಜ್ಯ ಸರ್ಕಾರ 2006-07ರಲ್ಲಿ ಉಚಿತ ಸೈಕಲ್ ಯೋಜನೆಯನ್ನು ಆರಂಭಿಸಿದಾಗ ಹಳ್ಳಿಯ ಸಾವಿರಾರು ಮಕ್ಕಳು ರಸ್ತೆಗೆ ಬಂದರು. ಯೋಜನೆ ಮುಂದೆ ನಿಂತುಹೋಯಿತು. ಮಕ್ಕಳಿಗಾಗಿ ಪ್ರತ್ಯೇಕ ಪಥವಂತೂ ಬರಲೇ ಇಲ್ಲ. ಹೊಗೆಯುಗುಳದ, ಇಂಧನ ಬೇಡದ ಈ ವಾಹನವನ್ನು ಪರಿಸರದ ಮಿತ್ರನೆಂದು ಹೊಗಳುವುದು ಸುಲಭ. ಅದನ್ನು ಏರಿದವನು ಗಾಯಗೊಂಡು ಬಿದ್ದಾಗ ಜೊತೆಗಿರುವುದು ಕಷ್ಟದ ಕೆಲಸ.

ಸೈಕಲ್ ಸವಾರನ ಹಕ್ಕು ಬಹುಮಟ್ಟಿಗೆ ನ್ಯಾಯಾಲಯದಲ್ಲಿ ಸೋಲುವುದಿಲ್ಲ. ಅಪಘಾತವಾದ ದಿನವೇ, ರಸ್ತೆಯ ಬದಿಯಲ್ಲಿಯೇ ಕಳೆದುಹೋಗುತ್ತದೆ. ಜನ ಸೇರುತ್ತಾರೆ. ವಾಹನದವನು ಒಂದೆರಡು ಸಾವಿರ ರೂಪಾಯಿ ಕೈಗಿಡುತ್ತಾನೆ. ಊರಿನ ಹಿರಿಯರು ‘ಠಾಣೆ ಕೋರ್ಟು ಏಕೆ’ ಎಂದು ರಾಜಿ ಮಾಡಿಸುತ್ತಾರೆ. ಗಾಯಾಳು ಬಿಳಿ ಹಾಳೆಗೆ ಹೆಬ್ಬೆಟ್ಟು ಒತ್ತುತ್ತಾನೆ. ಆಸ್ಪತ್ರೆಯಲ್ಲಿ ಪೊಲೀಸರ ತಂಟೆ ಬೇಡವೆಂದು ‘ಸೈಕಲ್‌ನಿಂದ ಜಾರಿ ಬಿದ್ದೆ’ ಎಂದು ಬರೆಸುತ್ತಾನೆ. ಮೂರು ತಿಂಗಳ ನಂತರ ಮೂಳೆ ಕೂಡದೆ ಕಾಲು ಗಿಡ್ಡವಾದಾಗ, ಆ ಒಂದು ವಾಕ್ಯವೇ ವಿಮಾ ಕಂಪನಿಯ ಕೈಯಲ್ಲಿ ದೊಡ್ಡ ಅಸ್ತ್ರವಾಗಿ ನಿಲ್ಲುತ್ತದೆ.

ಆದ್ದರಿಂದ ಮೊದಲ ದಿನದ ಕೆಲಸಗಳನ್ನು ಪ್ರತಿ ಹಳ್ಳಿಯೂ ಬಾಯಿಪಾಠ ಮಾಡಿಕೊಳ್ಳಬೇಕು. ವಾಹನದ ಸಂಖ್ಯೆಯನ್ನು ಬರೆದಿಡಬೇಕು. ಸಾಧ್ಯವಾದರೆ ಸ್ಥಳದ ಚಿತ್ರ ತೆಗೆಯಬೇಕು. 108ಕ್ಕೆ ಅಥವಾ 112ಕ್ಕೆ ಕರೆ ಮಾಡಬೇಕು. ವೈದ್ಯರಿಗೆ ಯಾವ ವಾಹನ, ಎಲ್ಲಿ, ಹೇಗೆ ಗುದ್ದಿತೆಂಬುದನ್ನು ಇದ್ದಂತೆಯೇ ಹೇಳಿ ಬರೆಸಬೇಕು. ಠಾಣೆಯಲ್ಲಿ ದೂರು ದಾಖಲಿಸಿ ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಪಡೆಯಬೇಕು. ಮಹಜರು ಮುಗಿಯುವ ತನಕ ನುಜ್ಜುಗುಜ್ಜಾದ ಸೈಕಲನ್ನು ಗುಜರಿಗೆ ಹಾಕಬಾರದು. ಅದೂ ಒಂದು ಸಾಕ್ಷಿಯೇ. ಗಾಯಾಳುವಿಗೆ ನೆರವಾದವರು ಹೆದರಬೇಕಿಲ್ಲ. ಮೋಟಾರು ವಾಹನ ಕಾಯ್ದೆಯ 134ಎ ಕಲಮು ಅವರಿಗೆ ರಕ್ಷಣೆ ನೀಡುತ್ತದೆ. 2025ರ ಮೇ ತಿಂಗಳಲ್ಲಿ ಪ್ರಕಟವಾದ ಕೇಂದ್ರದ ಯೋಜನೆಯಂತೆ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ 7 ದಿನಗಳವರೆಗೆ 1.5 ಲಕ್ಷ ರೂಪಾಯಿ ಮಿತಿಯ ನಗದುರಹಿತ ಚಿಕಿತ್ಸೆಗೆ ಅವಕಾಶವಿದೆ.

ಇನ್ನು ಕಾನೂನಿನ ಮಾತು. ಸೈಕಲ್ ಮೋಟಾರು ವಾಹನವಲ್ಲ. ಅದಕ್ಕೆ ಪರವಾನಗಿಯೂ ವಿಮೆಯೂ ಬೇಕಿಲ್ಲ. ಆದರೆ ಅದಕ್ಕೆ ಗುದ್ದಿದ ಲಾರಿ, ಕಾರು, ಟ್ರ್ಯಾಕ್ಟರುಗಳಿಗೆ ಮೂರನೆಯ ವ್ಯಕ್ತಿಯ ವಿಮೆ ಕಡ್ಡಾಯ. ಆ ‘ಮೂರನೆಯ ವ್ಯಕ್ತಿ’ಯೇ ಸೈಕಲ್ ಸವಾರ. ವಿಮೆಯಿಲ್ಲದಿದ್ದರೆ ಮಾಲೀಕನೇ ಹೊಣೆ. ಪರಿಹಾರದ ಅರ್ಜಿಯನ್ನು 1988ರ ಕಾಯ್ದೆಯ 166ನೇ ಕಲಮಿನಂತೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಸಲ್ಲಿಸಬೇಕು. ಅಪಘಾತ ಎಲ್ಲಿಯೇ ಆಗಿರಲಿ, ಗಾಯಾಳು ವಾಸಿಸುವ ಊರಿಗೆ ಸಂಬಂಧಿಸಿದ ನ್ಯಾಯಮಂಡಳಿಯಲ್ಲಿಯೇ ಅರ್ಜಿ ಹಾಕಬಹುದು. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಇದಕ್ಕೆ 6 ತಿಂಗಳ ಗಡುವು ಹಾಕಿತು. ಗಡುವು ಮೀರಿತೆಂದು ಅರ್ಜಿಗಳನ್ನು ವಜಾ ಮಾಡಬಾರದೆಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶ ನೀಡಿತಾದರೂ, ಅದನ್ನು ನಂಬಿ ಕಾಲ ಕಳೆಯುವುದು ಜಾಣತನವಲ್ಲ.

‘ಕೂಲಿಯವನಿಗೆ ಸಂಬಳದ ಚೀಟಿ ಎಲ್ಲಿದೆ?’ ಎಂಬ ಪ್ರಶ್ನೆ ಅನೇಕರನ್ನು ಹಿಮ್ಮೆಟ್ಟಿಸುತ್ತದೆ. ಇದಕ್ಕೆ ಉತ್ತರ ನಮ್ಮ ರಾಜ್ಯದ ಪ್ರಕರಣಗಳಲ್ಲಿಯೇ ಇದೆ. ಕರ್ನಾಟಕದ ಕೂಲಿಕಾರನೊಬ್ಬ ತನ್ನ ಆದಾಯ ತಿಂಗಳಿಗೆ 4,500 ರೂಪಾಯಿ ಎಂದು ಹೇಳಿದ್ದನ್ನು ಸುಪ್ರೀಂ ಕೋರ್ಟ್ 2011ರಲ್ಲಿ ಒಪ್ಪಿಕೊಂಡಿತು. 2014ರಲ್ಲಿ, ಕಾಲು ಕಳೆದುಕೊಂಡ ತರಕಾರಿ ವ್ಯಾಪಾರಿಯೊಬ್ಬನ ಪ್ರಕರಣದಲ್ಲಿ, ಅಂಥವನಿಂದ ದಾಖಲೆ ಕೇಳುವುದು ಸಲ್ಲದೆಂದು ಹೇಳಿ 6,500 ರೂಪಾಯಿ ಮಾಸಿಕ ಆದಾಯವನ್ನು ಗಣನೆಗೆ ತೆಗೆದುಕೊಂಡಿತು. ಅಂಗವೈಕಲ್ಯದ ಶೇಕಡಾವಾರನ್ನು ಮಾತ್ರ ನೋಡದೆ, ಅದು ಆತನ ದುಡಿಮೆಯನ್ನು ಎಷ್ಟು ಕಿತ್ತುಕೊಂಡಿತೆಂಬುದನ್ನು ನೋಡಬೇಕೆಂಬುದೂ 2010ರಿಂದ ಸ್ಥಿರಪಟ್ಟ ತತ್ತ್ವ. ಎಡಗೈ ಕಳೆದುಕೊಂಡ ಗುಮಾಸ್ತ ಕೆಲಸದಲ್ಲಿ ಉಳಿಯಬಹುದು, ಬಡಗಿ ಉಳಿಯಲಾರ.

ಲೆಕ್ಕದ ರೀತಿಯನ್ನು ವಿದ್ಯಾರ್ಥಿಗಳು ಅರಿತಿರಬೇಕು. ಗಾಯಾಳುವಿಗೆ 32 ವರ್ಷ, ತಿಂಗಳ ಆದಾಯ 12,000 ರೂಪಾಯಿ, ದುಡಿಮೆಯ ನಷ್ಟ ಶೇಕಡಾ 20 ಎಂದು ಇಟ್ಟುಕೊಳ್ಳೋಣ. 31ರಿಂದ 35 ವರ್ಷದವರಿಗೆ 2009ರ ಸರಳಾ ವರ್ಮ ತೀರ್ಪಿನಂತೆ ಗುಣಕ 16. ವಾರ್ಷಿಕ ಆದಾಯ 1,44,000. ಅದರ 16 ಪಟ್ಟಿನ ಶೇಕಡಾ 20 ಎಂದರೆ 4,60,800 ರೂಪಾಯಿ. ಚಿಕಿತ್ಸೆಯ ವೆಚ್ಚ, ನೋವು, ಕೆಲಸ ತಪ್ಪಿದ ತಿಂಗಳುಗಳು ಇದಕ್ಕೆ ಪ್ರತ್ಯೇಕವಾಗಿ ಸೇರುತ್ತವೆ. ರಸ್ತೆ ಬದಿಯಲ್ಲಿ ಕೈಗಿಟ್ಟ ಎರಡು ಸಾವಿರ ಎಲ್ಲಿ, ಇದು ಎಲ್ಲಿ! ಮಗು ಗಾಯಗೊಂಡು ಶೇಕಡಾ 10ಕ್ಕೂ ಹೆಚ್ಚು, 30ರವರೆಗೆ ಶಾಶ್ವತ ಊನವಾದರೆ, ಚಿಕಿತ್ಸಾ ವೆಚ್ಚದ ಹೊರತಾಗಿ 3 ಲಕ್ಷ ರೂಪಾಯಿ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲಿಯೇ ಹೇಳಿದೆ.

ಸೈಕಲ್ ಸವಾರನ ತಪ್ಪೂ ಇದ್ದರೆ? ದೀಪವಿಲ್ಲದೆ ಕತ್ತಲಲ್ಲಿ ಅಡ್ಡ ಬಂದನೆಂದು ಸಾಬೀತಾದರೆ, ತಪ್ಪಿನ ಪಾಲಿನಷ್ಟು ಹಣ ಕಡಿಮೆಯಾಗಬಹುದು, ಹಕ್ಕು ಇಲ್ಲವಾಗುವುದಿಲ್ಲ. ತಪ್ಪು ಯಾರದೆಂದು ಸಾಧಿಸುವ ಗೊಡವೆಯೇ ಬೇಡವೆನ್ನುವವರಿಗೆ 164ನೇ ಕಲಮಿದೆ. ಅದರಂತೆ ತೀವ್ರ ಗಾಯಕ್ಕೆ 2.5 ಲಕ್ಷ, ಸಾವಿಗೆ 5 ಲಕ್ಷ ರೂಪಾಯಿ. ಆದರೆ ಎರಡು ದಾರಿಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬೇಕು. ಗುದ್ದಿ ಓಡಿಹೋದ ವಾಹನ ಪತ್ತೆಯಾಗದಿದ್ದರೆ, 2022ರ ಯೋಜನೆಯಂತೆ ತೀವ್ರ ಗಾಯಕ್ಕೆ 50,000, ಸಾವಿಗೆ 2 ಲಕ್ಷ ರೂಪಾಯಿ. ಅರ್ಜಿಯನ್ನು ತಾಲ್ಲೂಕಿನ ಕಂದಾಯ ಅಧಿಕಾರಿಯ ಮೂಲಕ ಸಲ್ಲಿಸಬೇಕು. ಒಂದು ತಿಂಗಳೊಳಗೆ ವಾಹನ ಪತ್ತೆಯಾಗದಿದ್ದರೆ ಈ ಯೋಜನೆಯ ವಿಷಯವನ್ನು ಪೊಲೀಸರೇ ಗಾಯಾಳುವಿಗೆ ತಿಳಿಸಬೇಕೆಂದು 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು.

ವಕೀಲರ ಶುಲ್ಕಕ್ಕೆ ಹಣವಿಲ್ಲವೆಂಬುದು ಕೊನೆಯ ಅಡ್ಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮು ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಹಾಗೂ ನಿಗದಿತ ಆದಾಯಮಿತಿಯೊಳಗಿನ ಎಲ್ಲರಿಗೂ ಉಚಿತ ವಕೀಲರ ನೆರವನ್ನು ಹಕ್ಕಾಗಿ ನೀಡಿದೆ. ನಂಜನಗೂಡಿನಲ್ಲಿಯೂ ತಿ. ನರಸೀಪುರದಲ್ಲಿಯೂ ನ್ಯಾಯಾಲಯದ ಆವರಣದಲ್ಲಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯನ್ನು ಕಾಣಬಹುದು. 15100ಕ್ಕೆ ಕರೆ ಮಾಡಬಹುದು. ಆಸ್ಪತ್ರೆಯ ಹಾಸಿಗೆಯ ಬಳಿಯೇ ಸಹಿ ಕೇಳುವ ಮಧ್ಯವರ್ತಿಗಳಿಂದ ದೂರವಿರಬೇಕು. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಹಣ ಬೇಗ ಬರುತ್ತದೆ, ನಿಜ. ಆದರೆ ಅಲ್ಲಿಯ ತೀರ್ಮಾನಕ್ಕೆ ಮೇಲ್ಮನವಿಯಿಲ್ಲ. ಗಾಯ ಪೂರ್ತಿ ಮಾಯ್ದು, ಊನದ ಪ್ರಮಾಣ ತಿಳಿಯುವ ಮುನ್ನ ಒಪ್ಪಿಕೊಳ್ಳುವುದು ಅವಸರವಾದೀತು.

ಪ್ರತಿ ಹಳ್ಳಿಯಲ್ಲಿ ಓದುಬರಹ ಬಲ್ಲ ಇಬ್ಬರು ಯುವಕ ಯುವತಿಯರು ಈ ವಿಷಯಗಳನ್ನು ತಿಳಿದಿದ್ದು, ಗಾಯಾಳುವಿನೊಡನೆ ಠಾಣೆಗೂ ಆಸ್ಪತ್ರೆಗೂ ನಡೆದುಹೋದರೆ ಅರ್ಧ ಕೆಲಸ ಮುಗಿದಂತೆ. ಕಾಡಿನ ಮೂಕ ಜೀವಿಗಾಗಿ ಒಂದು ಹೆದ್ದಾರಿಯನ್ನೇ ರಾತ್ರಿ ನಿಲ್ಲಿಸಬಲ್ಲ ನಾಡು, ಅದೇ ಹೆದ್ದಾರಿಯ ಅಂಚಿನಲ್ಲಿ ಬಿದ್ದವನಿಗಾಗಿ ಒಂದು ದೂರನ್ನು ಬರೆದುಕೊಡಲಾರದೇ?