ಮಗು ಹುಟ್ಟಿದ್ರೂ ತೆರಿಗೆ: ಕಬ್ಬನ್ ಸಾಹೇಬರ ಕಥೆ

ನಾನು ಹರಿಯಬ್ಬೆಯಿಂದ ಮಾತಾಡ್ತಿದ್ದೀನಿ. ಕಬ್ಬನ್ ಪಾರ್ಕಲ್ಲಿ ನೀವೆಲ್ಲಾ ಸೆಲ್ಫಿ ತಗೊಂಡಿರ್ತೀರಿ. ಆ ಹೆಸರಿನ ಮನುಷ್ಯನಿಗೂ ನಮ್ಮ ಹಿರಿಯೂರು ಸೀಮೆಗೂ ಏನು ಸಂಬಂಧ? ಇವತ್ತು ಅದನ್ನೇ ಹೇಳ್ತೀನಿ.

ಮಾರ್ಕ್ ಕಬ್ಬನ್ ಹುಟ್ಟಿದ್ದು ಐಲ್ ಆಫ್ ಮ್ಯಾನ್ ಅನ್ನೋ ಪುಟ್ಟ ದ್ವೀಪದಲ್ಲಿ. 1800ರಲ್ಲಿ ಮದ್ರಾಸ್ ಸೈನ್ಯಕ್ಕೆ ಕೆಡೆಟ್ ಆಗಿ ಬಂದ್ರು. ಇತ್ತ 1830ರಲ್ಲಿ ತೆರಿಗೆ ಕಾಟಕ್ಕೆ ಬೇಸತ್ತು ನಗರ ಸೀಮೆಯ ರೈತರು ದಂಗೆ ಎದ್ರು. ಅದನ್ನೇ ನೆಪ ಮಾಡ್ಕೊಂಡು 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ಕೊಂಡ್ರು. 1834ರಲ್ಲಿ ಕಬ್ಬನ್ ಮೈಸೂರಿನ ಕಮಿಷನರ್ ಆದ್ರು. ರಾಜ್ಯವನ್ನ ನಾಲ್ಕು ವಿಭಾಗ ಮಾಡಿದ್ರು. ಅದರಲ್ಲಿ ಒಂದು ಚಿತ್ರದುರ್ಗ.

ನಾನು ಬಿಕಾಂ ಓದಿದವನು, ಹಾಗಾಗಿ ನನ್ನ ಕಣ್ಣು ಹೋಗಿದ್ದು ತೆರಿಗೆ ಲೆಕ್ಕದ ಕಡೆ. ಅವರ ಕಾಲದಲ್ಲಿ ರದ್ದಾದ ಚಿಲ್ಲರೆ ತೆರಿಗೆಗಳು 769! ಮದುವೆಗೆ ತೆರಿಗೆ, ಮಗು ಹುಟ್ಟಿದ್ರೆ ತೆರಿಗೆ, ಹೆಸರಿಟ್ರೆ, ತಲೆ ಬೋಳಿಸಿದ್ರೆ ತೆರಿಗೆ. ಒಂದೂರಲ್ಲಂತೂ ಪಾಳೇಗಾರನ ಕಳೆದುಹೋದ ಕುದುರೆಯನ್ನ ತಾತಂದಿರು ಹುಡುಕಿಕೊಡಲಿಲ್ಲ ಅಂತ ಮೊಮ್ಮಕ್ಕಳು ದುಡ್ಡು ಕಟ್ತಿದ್ರು. ಜಿಎಸ್‌ಟಿ ಬಗ್ಗೆ ಗೊಣಗೋ ನಾವು ಇದನ್ನ ಕೇಳ್ಬೇಕು.

ಸೈನಿಕ ಇದ್ದವರು ರಾಜಕಾರಣದಲ್ಲೂ ಪಳಗಿದ್ರು. 1860ರಲ್ಲಿ ಮೈಸೂರನ್ನ ಮದ್ರಾಸ್ ಸರ್ಕಾರದ ಕೆಳಗೆ ಹಾಕೋಕೆ ಹೊರಟಾಗ ರಾಜೀನಾಮೆಗೇ ಸಿದ್ಧರಾದ್ರು. ಆ ಆದೇಶ ವಾಪಸ್ ಹೋಯ್ತು. ಮದುವೆ ಆಗಲಿಲ್ಲ. ನಂದಿಬೆಟ್ಟದ ಮೇಲೆ ಮನೆ ಮಾಡ್ಕೊಂಡಿದ್ರು. 1861ರಲ್ಲಿ ಕೊನೆಗೂ ಊರಿಗೆ ಹೊರಟ್ರು, ಆದ್ರೆ ದಾರಿಯಲ್ಲೇ, ಸೂಯೆಜ್‌ನಲ್ಲಿ ತೀರಿಕೊಂಡ್ರು.

ಒಳ್ಳೆಯವರೇ ಅಲ್ವಾ? ಹೌದು. ಆದ್ರೆ ನನಗೆ ಚುಚ್ಚೋದು ಒಂದೇ ವಿಷಯ. ಸುಮಾರು 27 ವರ್ಷ ನಮ್ಮನ್ನ ಆಳಿದವರನ್ನ ನಮ್ಮೋರು ಯಾರೂ ಆರಿಸಲಿಲ್ಲ. ತೆರಿಗೆ ಹಾಕಿದವರನ್ನೂ ಕೇಳೋ ಹಾಗಿರಲಿಲ್ಲ, ತೆಗೆದವರನ್ನೂ ಕೇಳೋ ಹಾಗಿರಲಿಲ್ಲ. ಒಳ್ಳೆ ಸಾಹೇಬ ಸಿಕ್ಕಿದ್ದು ಅದೃಷ್ಟ, ಹಕ್ಕಲ್ಲ.

1881ರಲ್ಲಿ ರಾಜ್ಯ ಮತ್ತೆ ಒಡೆಯರ ಕೈಗೆ ಬಂತು. ಅದೇ ವರ್ಷ ದಿವಾನ್ ರಂಗಾಚಾರ್ಲು ಪ್ರಜಾ ಪ್ರತಿನಿಧಿ ಸಭೆ ಶುರು ಮಾಡಿದ್ರು, 144 ಜನ. ಕಾನೂನು ಮಾಡೋ ಅಧಿಕಾರ ಅವರಿಗಿರಲಿಲ್ಲ. ಆದ್ರೂ ಸರ್ಕಾರದ ಎದುರು ಕೂತು ಊರಿನ ಕಷ್ಟ ಹೇಳೋಕೆ ಒಂದು ಜಾಗ ಸಿಕ್ತು.

ಇವತ್ತು ಆ ಜಾಗದ ಹೆಸರು ಗ್ರಾಮಸಭೆ. ಹೋದ ಸಲ ಅದು ನಡೀತಿದ್ದಾಗ ನಾನು ಹೊರಗೆ ಕಟ್ಟೆ ಮೇಲೆ ಕೂತು ರೀಲ್ಸ್ ನೋಡ್ತಿದ್ದೆ. ತಪ್ಪು ನಂದೇ. ಮುಂದಿನ ಸಲ ಒಳಗೆ ಹೋಗಿ, ನಮ್ಮ ಮನೆ ಕಂದಾಯ ಯಾವ ಲೆಕ್ಕದಲ್ಲಿ ಹಾಕಿದ್ದೀರಾ ಅಂತ ಕೇಳ್ತೀನಿ. ನೀವೂ ನಿಮ್ಮೂರಲ್ಲಿ ಕೇಳಿ. ಏನು ಉತ್ತರ ಬಂತು ಅಂತ ನನಗೆ ವಾಯ್ಸ್ ಮೆಸೇಜ್ ಕಳಿಸಿ. ಸಿಗೋಣ.