ಕಾವಲೂರಿನಿಂದ ಕಂಡ ಧೂಳು



ಇವತ್ತಿನ ಮಾತಿಗೆ ನಾನು ಆರಿಸಿಕೊಂಡಿರುವ ವಸ್ತು ಧೂಳು. ಗೆಲಾಕ್ಸಿಗಳು ಹೇಗೆ ಬೆಳೆದವು, ಅವುಗಳಲ್ಲಿ ನಕ್ಷತ್ರಗಳು ಎಲ್ಲಿ ಹುಟ್ಟುತ್ತವೆ, ಎಷ್ಟು ಹುಟ್ಟುತ್ತವೆ ಎಂದು ಕೇಳುವ ಖಗೋಳವಿಜ್ಞಾನಿಗೆ ಮೊದಲು ಎದುರಾಗುವುದು ಅದೇ. ಧೂಳಿನ ಲೆಕ್ಕ ತಪ್ಪಿದರೆ ನಕ್ಷತ್ರಗಳ ಲೆಕ್ಕ ತಪ್ಪುತ್ತದೆ. ನಕ್ಷತ್ರಗಳ ಲೆಕ್ಕ ತಪ್ಪಿದರೆ ಗೆಲಾಕ್ಸಿಗಳ ಚರಿತ್ರೆಯೇ ತಪ್ಪುತ್ತದೆ. ಈ ಲೆಕ್ಕವನ್ನು ತಿದ್ದುವ ಕೆಲಸದಲ್ಲಿ ಸೇಲಂ, ಧರ್ಮಪುರಿ ಸೀಮೆಯ ಕನ್ನಡಿಗರಾದ ನಿಮ್ಮ ನೆರೆಯ ಬೆಟ್ಟವೊಂದರ ಪಾಲಿದೆ. ಅದನ್ನು ನಮ್ಮ ಭಾಷೆಯಲ್ಲಿ ನಾವು ಸಾಲುವಷ್ಟು ಹೇಳಿಕೊಂಡಿಲ್ಲ ಎಂಬ ಕೊರಗಿನಿಂದಲೇ ಈ ವಿಷಯ ತೆಗೆದುಕೊಂಡೆ.

ಬೆಟ್ಟ ಯಾವುದೆಂದು ನಿಮಗೆ ಗೊತ್ತು. ಜವಾದಿ ಬೆಟ್ಟಗಳಲ್ಲಿ, ಆಲಂಗಾಯಂ ದಾಟಿದ ಮೇಲೆ ಸಿಗುವ ಕಾವಲೂರು. ಇಂದು ಅದು ತಿರುಪತ್ತೂರು ಜಿಲ್ಲೆ. ಆದರೆ ಜಿಲ್ಲೆಗಳ ಗಡಿಗಳು ನಮ್ಮ ಅಜ್ಜಂದಿರ ಕಾಲದಿಂದ ಎಷ್ಟು ಸಲ ಬದಲಾಗಿವೆ! ಬಾರಾಮಹಲ್ ಎಂದು ಕರೆಯುತ್ತಿದ್ದ ಹಳೆಯ ಸೀಮೆಯಲ್ಲಿ ತಿರುಪತ್ತೂರೂ ಇತ್ತು, ಧರ್ಮಪುರಿಯೂ ಇತ್ತು. ಕಳೆದ ಶತಮಾನದ ಆರಂಭದವರೆಗೆ ತಿರುಪತ್ತೂರು ಸೇಲಂ ಜಿಲ್ಲೆಯ ತಾಲ್ಲೂಕು. ಧರ್ಮಪುರಿ ಸೇಲಂನಿಂದ ಬೇರೆಯಾದದ್ದು 1965ರಲ್ಲಿ, ಕೃಷ್ಣಗಿರಿ ಧರ್ಮಪುರಿಯಿಂದ ಬೇರೆಯಾದದ್ದು 2004ರಲ್ಲಿ. ನೊಳಂಬ ಅರಸರು ಕನ್ನಡ ಶಾಸನ ಹಾಕಿಸಿದ, ಹಿಂದೆ ತಗಡೂರು ಎನಿಸಿದ್ದ ಧರ್ಮಪುರಿ, ದೇವಾಂಗ ನೇಕಾರರು ಇವತ್ತಿಗೂ ಮನೆಯೊಳಗೆ ಕನ್ನಡವಾಡುವ ಸೇಲಂ, ಬೆಂಗಳೂರಿನ ವಿಜ್ಞಾನಿಗಳು ರಾತ್ರಿಗಳನ್ನು ಕಳೆಯುವ ಕಾವಲೂರು, ಇವೆಲ್ಲ ನನ್ನ ಮನಸ್ಸಿಗೆ ಒಂದೇ ಸೀಮೆ.

ಕಾವಲೂರನ್ನು ಕಟ್ಟಿದವರು ಎಂ.ಕೆ. ವೈನು ಬಾಪು. 1960ರಲ್ಲಿ ಕೊಡೈಕೆನಾಲ್ ವೀಕ್ಷಣಾಲಯದ ನಿರ್ದೇಶಕರಾದ ಅವರು ಸೂರ್ಯನ ಅಧ್ಯಯನಕ್ಕೆ ಹೆಸರಾಗಿದ್ದ ಆ ಸಂಸ್ಥೆಗೆ ನಕ್ಷತ್ರಗಳನ್ನು ನೋಡಲು ಬೇರೆಯೇ ಜಾಗ ಬೇಕೆಂದು ಹುಡುಕಿದರು. ಭೂಮಧ್ಯರೇಖೆಗೆ ಹತ್ತಿರವಿದ್ದು ದಕ್ಷಿಣದ ಆಕಾಶವೂ ಕಾಣಬೇಕು, ಊರಿನ ಬೆಳಕು ದೂರವಿರಬೇಕು. ಸಮುದ್ರಮಟ್ಟದಿಂದ ಸುಮಾರು 725 ಮೀಟರ್ ಎತ್ತರದ, ಕಾಡಿನ ನಡುವಿನ ಈ ಜಾಗ ಅವರಿಗೆ ಒಪ್ಪಿತು. 1968ರಲ್ಲಿ ಕೆಲಸಕ್ಕಿಳಿದ ಮೊದಲ ದೂರದರ್ಶಕದ ಕನ್ನಡಿ 38 ಸೆಂಟಿಮೀಟರ್; ಅದನ್ನು ನಮ್ಮವರೇ ತಯಾರಿಸಿದ್ದರು. 1972ರಲ್ಲಿ ಜರ್ಮನಿಯ ಜೈಸ್ ಕಂಪನಿಯ ಒಂದು ಮೀಟರ್ ದೂರದರ್ಶಕ ಬಂತು. 1971ರಲ್ಲಿ ಸ್ವಾಯತ್ತವಾದ ಭಾರತೀಯ ಖಭೌತವಿಜ್ಞಾನ ಸಂಸ್ಥೆ ಬೆಂಗಳೂರಿನ ಕೋರಮಂಗಲದಲ್ಲಿ ನೆಲೆಯಾಯಿತು. ಬಾಪು ಅವರ ದೊಡ್ಡ ಕನಸು 2.34 ಮೀಟರಿನ ದೂರದರ್ಶಕ. ಕನ್ನಡಿಯನ್ನು ಸಂಸ್ಥೆಯೇ ಉಜ್ಜಿ ನಯಗೊಳಿಸಿತು. ಅದು ಪೂರ್ಣವಾಗುವುದನ್ನು ನೋಡಲು ಅವರಿರಲಿಲ್ಲ. 1982ರ ಆಗಸ್ಟ್‌ನಲ್ಲಿ ತೀರಿಕೊಂಡರು. 1986ರ ಜನವರಿ 6ರಂದು ಪ್ರಧಾನಿ ರಾಜೀವ್ ಗಾಂಧಿಯವರು ಅದನ್ನು ರಾಷ್ಟ್ರಕ್ಕೆ ಅರ್ಪಿಸಿದಾಗ ಬಾಪು ಅವರ ಹೆಸರನ್ನೇ ಇಡಲಾಯಿತು.

ಕಾವಲೂರೆಂದರೆ ಯುರೇನಸ್ಸಿನ ಉಂಗುರ, ಗ್ಯಾನಿಮೀಡಿನ ವಾತಾವರಣ ಎಂದು ಪತ್ರಿಕೆಗಳು ಬರೆಯುತ್ತವೆ. ಅವು ದೊಡ್ಡ ಕೆಲಸಗಳೇ. ನಾನು ಹೇಳಹೊರಟಿರುವುದು ಅಷ್ಟು ಸುದ್ದಿಯಾಗದ ಕೆಲಸಗಳನ್ನು.

ಮೊದಲು ಧೂಳಿನ ಪರಿಚಯ ಆಗಬೇಕು. ನಕ್ಷತ್ರಗಳ ನಡುವಿನ ಜಾಗ ಬರಿದಲ್ಲ. ಅಲ್ಲಿ ತೆಳುವಾದ ಅನಿಲವಿದೆ, ಅದರ ತೂಕದ ನೂರರಲ್ಲಿ ಒಂದು ಪಾಲಿನಷ್ಟು ಧೂಳಿದೆ. ಒಂದೊಂದು ಕಣವೂ ಸಾಮಾನ್ಯವಾಗಿ ಮೈಕ್ರಾನಿಗಿಂತ ಚಿಕ್ಕದು. ಇಷ್ಟು ಕಡಿಮೆ ಧೂಳು ಏನು ಮಾಡೀತು ಎಂದು 1930ರವರೆಗೂ ಬಹಳ ಜನ ಖಗೋಳಜ್ಞರು ಉದಾಸೀನ ಮಾಡಿದ್ದರು. ಆ ವರ್ಷ ರಾಬರ್ಟ್ ಟ್ರಂಪ್ಲರ್ ನಕ್ಷತ್ರಗುಚ್ಛಗಳನ್ನು ಅಳೆಯುತ್ತಿದ್ದಾಗ ಒಂದು ವಿಚಿತ್ರ ಕಂಡಿತು. ಬೆಳಕು ಮಂಕಾದದ್ದರಿಂದ ಲೆಕ್ಕ ಹಾಕಿದ ದೂರ ನಿಜವೆಂದುಕೊಂಡರೆ, ದೂರ ಹೋದಷ್ಟೂ ಗುಚ್ಛಗಳು ದೊಡ್ಡದಾಗುತ್ತ ಹೋಗಬೇಕು. ಪ್ರಕೃತಿ ನಮ್ಮ ಸೂರ್ಯನನ್ನು ನಡುವೆ ಇಟ್ಟು ಗುಚ್ಛಗಳನ್ನು ಹೀಗೆ ಜೋಡಿಸುವುದಕ್ಕೆ ಕಾರಣವೇ ಇಲ್ಲ. ಬೆಳಕನ್ನು ದಾರಿಯಲ್ಲಿ ಏನೋ ನುಂಗುತ್ತಿದೆ ಎಂದು ಟ್ರಂಪ್ಲರ್ ತೀರ್ಮಾನಿಸಿದರು. ನಮ್ಮ ಆಕಾಶಗಂಗೆ ಮೂರು ಲಕ್ಷ ಜ್ಯೋತಿರ್ವರ್ಷ ಅಗಲವಿದೆ ಎಂಬ ಆ ಕಾಲದ ಲೆಕ್ಕ ಸುಮಾರು ಒಂದು ಲಕ್ಷಕ್ಕೆ ಇಳಿಯಲು ಈ ಧೂಳಿನ ಅರಿವೂ ಒಂದು ಕಾರಣ.

ಧೂಳು ನೀಲಿ ಬೆಳಕನ್ನು ಹೆಚ್ಚು, ಕೆಂಪನ್ನು ಕಡಿಮೆ ತಡೆಯುತ್ತದೆ. ಹೀಗಾಗಿ ಧೂಳಿನ ಹಿಂದಿನ ನಕ್ಷತ್ರ ಮಂಕಾಗುವುದಷ್ಟೇ ಅಲ್ಲ, ಕೆಂಪಗೂ ಕಾಣುತ್ತದೆ. ನುಂಗಿದ ಬೆಳಕು ಎಲ್ಲಿ ಹೋಯಿತು? ಕಣ ಕಾಯುತ್ತದೆ, ಕಾದದ್ದನ್ನು ಅವಕೆಂಪು ಕಿರಣವಾಗಿ ಬಿಡುತ್ತದೆ. ವಿಶ್ವದ ನಕ್ಷತ್ರಗಳು ಇಲ್ಲಿಯವರೆಗೆ ಸುರಿಸಿದ ಬೆಳಕಿನಲ್ಲಿ ಹೆಚ್ಚುಕಡಿಮೆ ಅರ್ಧ ಹೀಗೆ ಧೂಳಿನ ಬಾಯಿಗೆ ಬಿದ್ದು ಅವಕೆಂಪಾಗಿ ಹೊರಬಂದಿದೆ. ಅರ್ಧ! ಕಣ್ಣಿಗೆ ಕಾಣುವ ಬೆಳಕನ್ನು ಮಾತ್ರ ನಂಬಿ ಬರೆದ ಗೆಲಾಕ್ಸಿಗಳ ಚರಿತ್ರೆ ಅರ್ಧ ಪುಟಗಳು ಹರಿದುಹೋದ ಪುಸ್ತಕ.

ಧೂಳು ಯಾವುದರಿಂದ ಆಗಿದೆ ಎಂದು ತಿಳಿಯಲು ಸೇಲಂನವರು ದೂರ ಹೋಗಬೇಕಿಲ್ಲ. ಊರಂಚಿನಲ್ಲಿ ಬೆಳ್ಳಗೆ ಕಾಣುವ ಚಾಕ್ ಹಿಲ್ಸ್ ಮ್ಯಾಗ್ನಸೈಟ್ ಗಣಿಗಳನ್ನು ನೀವೆಲ್ಲ ನೋಡಿದ್ದೀರಿ. ಆ ಬಿಳಿಯ ಅದಿರು ಹುಟ್ಟಿದ್ದು ಡ್ಯೂನೈಟ್ ಎಂಬ ಶಿಲೆ ಮಾರ್ಪಟ್ಟು. ಡ್ಯೂನೈಟಿನ ಬಹುಪಾಲು ಆಲಿವೀನ್ ಖನಿಜ. ಮ್ಯಾಗ್ನೀಸಿಯಂ, ಕಬ್ಬಿಣ, ಸಿಲಿಕಾನ್, ಆಮ್ಲಜನಕ ಸೇರಿ ಆದದ್ದು. ಅಂತರತಾರಾ ಧೂಳಿನ ಒಂದು ಮುಖ್ಯ ಬಗೆ ಇದೇ ನಾಲ್ಕು ಧಾತುಗಳ ಸಿಲಿಕೇಟ್. ಬಹುಮಟ್ಟಿಗೆ ಹರಳುಗಟ್ಟದ ರೂಪದಲ್ಲಿರುತ್ತದೆ. ಸ್ಟಾರ್‌ಡಸ್ಟ್ ನೌಕೆ ವಿಲ್ಡ್-2 ಧೂಮಕೇತುವಿನಿಂದ 2006ರಲ್ಲಿ ಭೂಮಿಗೆ ತಂದ ಕಣಗಳಲ್ಲಿ ಆಲಿವೀನ್ ಹರಳುಗಳೇ ಸಿಕ್ಕವು. ಇನ್ನೊಂದು ಬಗೆ ಇಂಗಾಲದ್ದು. ಕಬ್ಬಿಣದ ಕತೆಯೂ ಹೀಗೆಯೇ: ನಕ್ಷತ್ರಗಳ ನಡುವಿನ ಕಬ್ಬಿಣದ ಬಹುಪಾಲು ಅನಿಲವಾಗಿ ಸಿಗುವುದಿಲ್ಲ, ಕಣಗಳೊಳಗೆ ಸೇರಿಕೊಂಡಿದೆ. ಸೇಲಂ ಪಕ್ಕದ ಕಂಜಮಲೆಯ ಅದಿರಿನ ಕಬ್ಬಿಣ ಭೂಮಿಗೆ ಬರುವ ಮೊದಲು ಅಂಥ ಕಣಗಳಲ್ಲಿ ಕೂತಿತ್ತು.

ಇನ್ನು ಧೂಳು ಬರೀ ತೆರೆ ಎಂದುಕೊಂಡರೆ ಅದಕ್ಕೆ ಅನ್ಯಾಯ ಮಾಡಿದಂತೆ. ನಕ್ಷತ್ರ ಹುಟ್ಟಬೇಕಾದರೆ ಅನಿಲದ ಮೋಡ ತನ್ನ ತೂಕಕ್ಕೆ ತಾನೇ ಕುಸಿಯಬೇಕು; ಕುಸಿಯಲು ಅದು ತಣ್ಣಗಿರಬೇಕು. ಹೊರಗಿನ ನಕ್ಷತ್ರಗಳ ಅತಿನೇರಳೆ ಕಿರಣಗಳನ್ನು ತಡೆದು ಮೋಡದ ಒಡಲನ್ನು ಸೊನ್ನೆಗಿಂತ 260 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲಿ ಕಾಯುವುದು ಧೂಳು. ಅಷ್ಟೇ ಅಲ್ಲ, ಹೈಡ್ರೊಜನ್ನಿನ ಎರಡು ಪರಮಾಣುಗಳು ಆ ವಿರಳ ಜಾಗದಲ್ಲಿ ತಾವಾಗಿಯೇ ಸೇರಿ ಅಣುವಾಗುವುದು ಬಹಳ ಕಷ್ಟ. ಕಣದ ಮೈಮೇಲೆ ಬಂದು ಕೂತು, ಅಲ್ಲಿ ಒಂದನ್ನೊಂದು ಸಂಧಿಸಿ, ಬಿಡುಗಡೆಯಾಗುವ ಶಕ್ತಿಯನ್ನು ಕಣಕ್ಕೆ ಒಪ್ಪಿಸಿ, ಜೋಡಿಯಾಗಿ ಹೊರಡುತ್ತವೆ. ನಕ್ಷತ್ರಗಳನ್ನು ಮರೆಮಾಡುವ ಧೂಳೇ ಅವುಗಳ ಹುಟ್ಟಿಗೆ ದಾರಿ ಮಾಡಿಕೊಡುತ್ತದೆ.

ಈಗ ಕಾವಲೂರಿಗೆ ಮರಳೋಣ. 1990ರ ದಶಕದಲ್ಲಿ ಖಭೌತವಿಜ್ಞಾನ ಸಂಸ್ಥೆಯ ತುಷಾರ್ ಪ್ರಭು ಮತ್ತು ಅವರೊಡನೆ ಕೆಲಸ ಮಾಡಿದ ವೈ.ಡಿ. ಮಯ್ಯ ಅವರು ದೂರದ ಸುರುಳಿ ಗೆಲಾಕ್ಸಿಗಳಲ್ಲಿ ನಕ್ಷತ್ರಗಳು ಹುಟ್ಟುವ ಬೃಹತ್ ಪ್ರದೇಶಗಳನ್ನು ಕೈಗೆತ್ತಿಕೊಂಡರು. ಹೊಸದಾಗಿ ಹುಟ್ಟಿದ ಬಿಸಿ ನಕ್ಷತ್ರಗಳ ಗುಚ್ಛ ಸುತ್ತಲಿನ ಹೈಡ್ರೊಜನ್ನನ್ನು ಅಯಾನೀಕರಿಸಿ ಕೆಂಪಗೆ ಬೆಳಗಿಸುತ್ತದೆ. ಆ ಕೆಂಪು ಬೆಳಕನ್ನು ಅಳೆದರೆ ಎಷ್ಟು ಭಾರಿ ನಕ್ಷತ್ರಗಳಿವೆ ಎಂದು ತಿಳಿಯುತ್ತದೆ. ನೀಲಿ, ಹಸಿರು, ಕೆಂಪು ಶೋಧಕಗಳಲ್ಲಿ ಗುಚ್ಛದ ನೇರ ಬೆಳಕನ್ನು ಅಳೆದರೆ ವಯಸ್ಸು ತಿಳಿಯುತ್ತದೆ. ಎರಡನ್ನೂ ತಿದ್ದಲು ಧೂಳಿನ ಪ್ರಮಾಣ ಬೇಕು. ಎಲ್ಲರೂ ಮಾಡುತ್ತಿದ್ದ ಸುಲಭದ ಊಹೆ ಏನೆಂದರೆ, ಅನಿಲದ ಬೆಳಕನ್ನು ಧೂಳು ಎಷ್ಟು ತಡೆಯುತ್ತದೋ ನಕ್ಷತ್ರಗಳ ಬೆಳಕನ್ನೂ ಅಷ್ಟೇ ತಡೆಯುತ್ತದೆ ಎಂಬುದು. ಪ್ರಭು ಮತ್ತು ಮಯ್ಯ ಅವರ ಅಳತೆಗಳು ಅದಕ್ಕೆ ಒಪ್ಪಲಿಲ್ಲ. ನಕ್ಷತ್ರಗಳ ಬೆಳಕಿಗೆ ತಡೆ ಕಡಿಮೆ, ಅನಿಲದ ಬೆಳಕಿಗೆ ಹೆಚ್ಚು.

ಕಾರಣ ಹೀಗಿರಬಹುದು. ಭಾರಿ ನಕ್ಷತ್ರಗಳ ಗಾಳಿ ಮತ್ತು ಕಿರಣಗಳು ತಮ್ಮ ಸುತ್ತಲಿನ ಅನಿಲವನ್ನೂ ಧೂಳನ್ನೂ ತಳ್ಳಿ ಬಯಲು ಮಾಡಿಕೊಳ್ಳುತ್ತವೆ. ಅನಿಲ ಮಾತ್ರ ಧೂಳಿನ ಜೊತೆಗೇ ಅಂಚಿನಲ್ಲಿ ನಿಂತಿರುತ್ತದೆ. ಸುಮಾರು ಅದೇ ಹೊತ್ತಿಗೆ ಅಮೆರಿಕದಲ್ಲಿ ಡ್ಯಾನಿಯೆಲಾ ಕಾಲ್ಜೆಟ್ಟಿ ಮತ್ತು ಸಂಗಡಿಗರು ಬೇರೆ ಗೆಲಾಕ್ಸಿಗಳನ್ನು ಬೇರೆ ವಿಧಾನದಲ್ಲಿ ನೋಡಿ ಇಂಥದೇ ನಿರ್ಣಯಕ್ಕೆ ಬಂದಿದ್ದರು. ಇವತ್ತು ಯಾವುದೇ ಗೆಲಾಕ್ಸಿಯಲ್ಲಿ ವರ್ಷಕ್ಕೆ ಎಷ್ಟು ಸೂರ್ಯರ ತೂಕದ ನಕ್ಷತ್ರಗಳು ಹುಟ್ಟುತ್ತಿವೆ ಎಂದು ಹೇಳುವವರು ಈ ವ್ಯತ್ಯಾಸವನ್ನು ಗಣಿಸದೆ ಮುಂದೆ ಹೋಗಲಾರರು. ನಮ್ಮ ಆಕಾಶಗಂಗೆಯಲ್ಲಿ ಅದು ವರ್ಷಕ್ಕೆ ಒಂದೆರಡು ಸೂರ್ಯರಷ್ಟು. ಸಾವಿರ ಕೋಟಿ ವರ್ಷಗಳ ಹಿಂದೆ ವಿಶ್ವದಲ್ಲಿ ನಕ್ಷತ್ರಗಳ ಹುಟ್ಟು ಇಂದಿನ ಸುಮಾರು ಹತ್ತರಷ್ಟಿತ್ತು ಎಂಬ ಮಾತಿನ ಹಿಂದೆಯೂ ಧೂಳಿನ ತಿದ್ದುಪಡಿ ಇದೆ. ಜಗತ್ತಿನ ದೊಡ್ಡ ದೂರದರ್ಶಕಗಳ ಮುಂದೆ ಮಧ್ಯಮ ಗಾತ್ರದ್ದಾದ ಒಂದು ಕನ್ನಡಿ, ಸರಿಯಾದ ಪ್ರಶ್ನೆ ಕೈಯಲ್ಲಿದ್ದರೆ, ಎಲ್ಲಿಗೆ ತಲುಪಬಲ್ಲದು ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಗೊತ್ತಿಲ್ಲ.

ಧೂಳು ಹುಟ್ಟುವುದನ್ನು ಕಣ್ಣಾರೆ ನೋಡಬಹುದೇ? ಉತ್ತರ ಕಿರೀಟ ರಾಶಿಯಲ್ಲಿ ಆರ್ ಎಂಬ ನಕ್ಷತ್ರವಿದೆ. ಸಾಮಾನ್ಯವಾಗಿ ಬರಿಗಣ್ಣಿಗೆ ಕಷ್ಟಪಟ್ಟು ಕಾಣುವಷ್ಟು ಬೆಳಗುವ ಅದು ಯಾವ ಮುನ್ಸೂಚನೆಯೂ ಇಲ್ಲದೆ ಕೆಲವೇ ವಾರಗಳಲ್ಲಿ ಸಾವಿರಾರು ಪಟ್ಟು ಮಂಕಾಗಿಬಿಡುತ್ತದೆ. ಲಾಟೀನಿನ ಗಾಜಿಗೆ ಮಸಿ ಹಿಡಿದಂತೆ, ನಕ್ಷತ್ರ ಉಗುಳಿದ ಇಂಗಾಲ ತಣಿದು ಕಣಗಳಾಗಿ ಅದರ ಮುಖಕ್ಕೇ ಅಡ್ಡ ನಿಲ್ಲುತ್ತದೆ. ಈ ಜಾತಿಯ ನಕ್ಷತ್ರಗಳನ್ನು ಎನ್. ಕಾಮೇಶ್ವರ ರಾವ್ ಅವರು ಕಾವಲೂರಿನಿಂದಲೂ, ಟೆಕ್ಸಾಸಿನ ಡೇವಿಡ್ ಲ್ಯಾಂಬರ್ಟ್ ಅವರ ಜೊತೆ ಸೇರಿಯೂ ದಶಕಗಳ ಕಾಲ ಬಿಡದೆ ಅಧ್ಯಯನ ಮಾಡಿದರು. ಬಾಪು ದೂರದರ್ಶಕಕ್ಕೆ ಸೂಕ್ಷ್ಮ ರೋಹಿತಲೇಖಿಯನ್ನು ಕೂಡಿಸಿದವರಲ್ಲೂ ಅವರು ಪ್ರಮುಖರು. ಒಂದು ನಕ್ಷತ್ರ ಯಾವಾಗ ಮಂಕಾಗುತ್ತದೋ ಎಂದು ವರ್ಷಗಟ್ಟಲೆ ಕಾಯುವ ಈ ವ್ರತಕ್ಕೆ ಹತ್ತಿರದಲ್ಲೊಂದು ಸ್ವಂತ ವೀಕ್ಷಣಾಲಯ ಇರಲೇಬೇಕು. ಬೇರೆ ದೇಶದಲ್ಲಿ ಬೇಡಿ ಪಡೆದ ಒಂದೆರಡು ರಾತ್ರಿಗಳಲ್ಲಿ ಇಂಥ ಕೆಲಸ ಆಗುವುದಿಲ್ಲ.

ಇಲ್ಲಿ ಸೀಮೆಯವರಾದ ನಿಮ್ಮಲ್ಲಿ ಒಂದು ಮನವಿ. ವಾಣಿಯಂಬಾಡಿ, ತಿರುಪತ್ತೂರು, ಆಲಂಗಾಯಂ ಬೆಳೆಯುತ್ತಿವೆ, ಬೆಳೆಯಲಿ. ಬೀದಿದೀಪಗಳ ಬೆಳಕು ನೆಲಕ್ಕೆ ಬೀಳುವಂತೆ ಮುಚ್ಚಿಗೆ ಹಾಕಿದರೆ ದಾರಿಹೋಕನಿಗೂ ಅನುಕೂಲ, ಬೆಟ್ಟದ ಮೇಲಿನ ಕನ್ನಡಿಗೂ ಅನುಕೂಲ. 2014ರಲ್ಲಿ ಅಲ್ಲಿ 1.3 ಮೀಟರಿನ ಹೊಸ ದೂರದರ್ಶಕ ಬಂದಿದೆ. ಅದಕ್ಕೆ ಕತ್ತಲೆ ಬೇಕು.

ಭೂಮಿಯ ಮೇಲೆ ಎಷ್ಟು ಕತ್ತಲೆಯಿದ್ದರೂ ಅತಿನೇರಳೆ ಕಿರಣಗಳಲ್ಲಿ ಬಹುಪಾಲು ವಾತಾವರಣ ದಾಟಿ ಬಾರವು. ಹೊಸ ನಕ್ಷತ್ರಗಳು ಹೆಚ್ಚಾಗಿ ಬೆಳಗುವುದು ಆ ಕಿರಣಗಳಲ್ಲೇ, ಧೂಳು ಹೆಚ್ಚಾಗಿ ನುಂಗುವುದೂ ಅವನ್ನೇ. 2015ರ ಸೆಪ್ಟೆಂಬರ್ 28ರಂದು ಮೇಲೇರಿದ ಆಸ್ಟ್ರೋಸ್ಯಾಟ್ ಉಪಗ್ರಹದ ಅತಿನೇರಳೆ ದೂರದರ್ಶಕವನ್ನು ಇದೇ ಖಭೌತವಿಜ್ಞಾನ ಸಂಸ್ಥೆಯವರು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಜೋಡಿಸಿದರು. ಅದರ ಕನ್ನಡಿಗಳ ಅಗಲವೂ ಸುಮಾರು 38 ಸೆಂಟಿಮೀಟರ್, ಕಾವಲೂರಿನ ಮೊದಲ ದೂರದರ್ಶಕದಷ್ಟೇ.

ಕೊನೆಯದಾಗಿ, ಇನ್ನೂ ಬಗೆಹರಿಯದ ಒಂದು ಪ್ರಶ್ನೆ. 1987ರ ಫೆಬ್ರವರಿಯಲ್ಲಿ ದೊಡ್ಡ ಮೆಗೆಲಾನಿಕ್ ಮೋಡದಲ್ಲಿ ನಕ್ಷತ್ರವೊಂದು ಸಿಡಿಯಿತು. ಕಾವಲೂರಿನಲ್ಲಿ ಅದು ದಿಗಂತದಿಂದ ಎಂಟು ಡಿಗ್ರಿಯಷ್ಟೇ ಏರುತ್ತಿತ್ತು. ಆದರೂ ನಮ್ಮವರು ಅದರ ರೋಹಿತ ಪಡೆದರು. ಸಿಡಿದ ಒಂದೂವರೆ ವರ್ಷದೊಳಗೆ ಅದರ ಚೂರುಗಳಲ್ಲಿ ಧೂಳು ಕಟ್ಟತೊಡಗಿದ ಲಕ್ಷಣ ಕಂಡಿತು. 2011ರಲ್ಲಿ ಹರ್ಷೆಲ್ ಉಪಗ್ರಹ ನೋಡಿದಾಗ ಆ ಧೂಳು ಸೂರ್ಯನ ತೂಕದ ಅರ್ಧದಷ್ಟಿದೆ ಎಂದು ಅಂದಾಜಾಯಿತು. ವಿಶ್ವ ಎಳೆಯದಾಗಿದ್ದಾಗಲೇ ಗೆಲಾಕ್ಸಿಗಳಲ್ಲಿ ಧೂಳಿತ್ತೆಂದು ಇಂದಿನ ದೊಡ್ಡ ದೂರದರ್ಶಕಗಳು ತೋರಿಸುತ್ತಿವೆ. ನಿಧಾನವಾಗಿ ಮುಪ್ಪಾಗುವ ನಕ್ಷತ್ರಗಳಿಗೆ ಅಷ್ಟು ಧೂಳು ಮಾಡಲು ಆಗ ಸಮಯವೇ ಸಾಲದಿತ್ತು, ಆದ್ದರಿಂದ ಸಿಡಿಯುವ ನಕ್ಷತ್ರಗಳೇ ಮಾಡಿರಬೇಕು ಎಂಬ ವಾದ ಹರ್ಷೆಲ್ಲಿನ ಆ ಅಂದಾಜಿನಿಂದ ಬಲಗೊಂಡಿತು. ಆದರೆ ಸಿಡಿತದಿಂದ ಒಳಮುಖವಾಗಿ ಮರಳುವ ಆಘಾತದ ಅಲೆ ಆ ಕಣಗಳನ್ನು ಹಾದು ಹೋಗಬೇಕಿದೆ. ಎಷ್ಟು ಪುಡಿಯಾಗುತ್ತವೆ, ಎಷ್ಟು ಉಳಿದು ಮುಂದಿನ ನಕ್ಷತ್ರಗಳ ಮೋಡಕ್ಕೆ ಸೇರುತ್ತವೆ? ಅಳತೆಗಳು ನಡೆಯುತ್ತಲೇ ಇವೆ. ಈ ಸಭೆಯಲ್ಲಿ ಕೂತಿರುವ ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ನಾನು ಬಿಟ್ಟುಹೋಗುವ ಪ್ರಶ್ನೆ ಇದು.