ಲೋಟದ ಮೇಲಿನ ನೊರೆ



ನೊರೆಗೆ ಒಂದು ಕಡೆ ಮರ್ಯಾದೆ, ಇನ್ನೊಂದು ಕಡೆ ತಕರಾರು. ಫಿಲ್ಟರ್ ಕಾಫಿಯನ್ನು ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಎತ್ತರದಿಂದ ಸುರಿದು ನೊರೆ ಎಬ್ಬಿಸಿ ಕೊಟ್ಟರೆ ಮೆಚ್ಚುತ್ತೇವೆ. ಅದೇ ನೊರೆ ಮನೆಯಲ್ಲಿ ಮಾಡಿದ ಬಾಳೆಹಣ್ಣಿನ ಸ್ಮೂಥಿಯ ಮೇಲೆ ನಾಲ್ಕು ಬೆರಳು ದಪ್ಪ ನಿಂತರೆ ಮುಖ ಸಿಂಡರಿಸುತ್ತೇವೆ. ವ್ಯಾಯಾಮ ಮುಗಿಸಿ ಬಂದ ಹುಡುಗ ಪ್ರೋಟೀನ್ ಪುಡಿ ಬೆರೆಸಿದ ಹಾಲನ್ನು ಬಾಟಲಿಯಲ್ಲಿ ಕುಲುಕಿ ಮುಚ್ಚಳ ತೆಗೆದರೆ ಕುಡಿಯಲು ಸಿಗುವುದು ಅರ್ಧ, ಬುರುಗು ಅರ್ಧ. ಹಲವರು ಚಮಚದಲ್ಲಿ ಆ ನೊರೆಯನ್ನು ತೆಗೆದು ಸಿಂಕಿಗೆ ಹಾಕುತ್ತಾರೆ. ಹಾಗೆ ಮಾಡುವುದು ಏಕೆ ತಪ್ಪು, ನೊರೆ ಏಳದಂತೆ ನೋಡಿಕೊಳ್ಳುವುದು ಹೇಗೆ ಎಂಬುದು ಇಂದಿನ ಮಾತು.

ಬರಿಯ ನೀರನ್ನು ಬಾಟಲಿಗೆ ತುಂಬಿ ಎಷ್ಟು ಕುಲುಕಿದರೂ ನೊರೆ ನಿಲ್ಲುವುದಿಲ್ಲ. ಗುಳ್ಳೆಗಳೇನೋ ಏಳುತ್ತವೆ, ಆದರೆ ಮೇಲೆ ಬಂದ ಕ್ಷಣವೇ ಒಡೆಯುತ್ತವೆ. ನೀರಿನ ಅಣುಗಳು ಒಂದನ್ನೊಂದು ಬಲವಾಗಿ ಸೆಳೆಯುತ್ತವೆ. ಆದ್ದರಿಂದ ನೀರಿನ ಮೇಲ್ಮೈ ತನ್ನ ಹರವನ್ನು ಆದಷ್ಟು ಕಿರಿದಾಗಿಸಲು ಹವಣಿಸುತ್ತದೆ. ಇದೇ ನೀವು ಪಠ್ಯಪುಸ್ತಕದಲ್ಲಿ ಓದಿದ ಮೇಲ್ಮೈ ಎಳೆತ. ನೊರೆಯೆಂದರೆ ಸಾವಿರಾರು ಗುಳ್ಳೆಗಳು, ಅಂದರೆ ಅಪಾರವಾದ ಮೇಲ್ಮೈ. ಬರಿಯ ನೀರು ಅದನ್ನು ತಾಳಲಾರದು.

ಈಗ ಆ ನೀರಿಗೆ ಪ್ರೋಟೀನ್ ಸೇರಲಿ. ಪ್ರೋಟೀನಿನ ಅಣು ಉದ್ದವಾದ ಸರಪಳಿ, ಉಂಡೆ ಸುತ್ತಿದ ದಾರದ ಹಾಗೆ ಮಡಿಚಿಕೊಂಡಿರುತ್ತದೆ. ಅದರ ಕೆಲವು ಭಾಗಗಳಿಗೆ ನೀರೆಂದರೆ ಪ್ರೀತಿ, ಕೆಲವಕ್ಕೆ ನೀರೆಂದರೆ ಆಗದು. ಗಾಳಿಯ ಗುಳ್ಳೆಯೊಂದು ಎದುರಾದರೆ ಅಣು ಅಲ್ಲಿಗೆ ಧಾವಿಸಿ, ಮಡಿಕೆ ಬಿಚ್ಚಿ, ನೀರೊಲ್ಲದ ಭಾಗವನ್ನು ಗಾಳಿಯ ಕಡೆಗೂ ನೀರೊಲಿಯುವ ಭಾಗವನ್ನು ನೀರಿನ ಕಡೆಗೂ ಚಾಚಿ ಕೂರುತ್ತದೆ. ಅಕ್ಕಪಕ್ಕದ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗುಳ್ಳೆಯ ಸುತ್ತ ಒಂದು ಪೊರೆ ಕಟ್ಟುತ್ತವೆ. ಆ ಪೊರೆಯೇ ನೊರೆಯ ಬಾಳಿಕೆಗೆ ಕಾರಣ. ಹಾಲಿನ ಪ್ರೋಟೀನಿನಲ್ಲಿ ಸುಮಾರು 80 ಭಾಗ ಕೇಸೀನ್, ಉಳಿದ 20 ಭಾಗ ಹಾಲು ಒಡೆದಾಗ ತಿಳಿನೀರಿನಲ್ಲಿ ಉಳಿಯುವಂಥದು. ಅಂಗಡಿಯಲ್ಲಿ ‘ವೇ’ ಎಂಬ ಹೆಸರಿನಲ್ಲಿ ಮಾರುವ ಪುಡಿ ಈ ಎರಡನೆಯ ಬಗೆಯದು. ನೊರೆ ಕಟ್ಟುವುದರಲ್ಲಿ ಬಹಳ ಚುರುಕು. ಪುಡಿ ಕಲಬೆರಕೆಯಾಗಿರಬಹುದೆಂದು ಕೆಲವರು ಅನುಮಾನಿಸುತ್ತಾರೆ. ನೊರೆ ಬಂದ ಮಾತ್ರಕ್ಕೆ ಹಾಗೆನ್ನಲು ಬಾರದು.

ಹಾಗಾದರೆ ಚಮಚದಲ್ಲಿ ತೆಗೆದು ಚೆಲ್ಲಿದ್ದು ಏನು? ಗಾಳಿಯ ಜೊತೆಗೆ ಪ್ರೋಟೀನನ್ನೇ! ನೊರೆಯಲ್ಲಿರುವ ದ್ರವದಲ್ಲಿ ಪ್ರೋಟೀನಿನ ಪ್ರಮಾಣ ಕೆಳಗಿನ ದ್ರವದಲ್ಲಿ ಇರುವುದಕ್ಕಿಂತ ಹೆಚ್ಚು. ಸಮುದ್ರದ ಮೀನುಗಳನ್ನು ಸಾಕುವ ದೊಡ್ಡ ಗಾಜಿನ ತೊಟ್ಟಿಗಳಲ್ಲಿ ಈ ಗುಣವನ್ನೇ ಬಳಸಿ, ನೀರಿಗೆ ಸಣ್ಣ ಗುಳ್ಳೆಗಳನ್ನು ಹಾಯಿಸಿ ನೊರೆ ಬರಿಸಿ, ಆ ನೊರೆಯೊಡನೆ ಕೊಳೆಯಾದ ಪ್ರೋಟೀನನ್ನು ಹೊರತೆಗೆಯುತ್ತಾರೆ. ತೊಟ್ಟಿಗೆ ಅದು ಕಸ. ನಿಮಗೆ ದುಡ್ಡು ಕೊಟ್ಟು ತಂದ ಪದಾರ್ಥ. ಮಡಿಕೆ ಬಿಚ್ಚಿದ ಪ್ರೋಟೀನ್ ಕೆಟ್ಟುಹೋಯಿತೆಂದು ಹೆದರಬೇಕಿಲ್ಲ. ಹೊಟ್ಟೆಗೆ ಹೋದ ಮೇಲೆ ಜಠರದ ಆಮ್ಲ ಹೇಗೂ ಅದರ ಮಡಿಕೆ ಬಿಚ್ಚುತ್ತದೆ. ನೊರೆಯಿಂದ ಆಗುವ ತೊಂದರೆ ಬೇರೆ: ಗಾಳಿ ನುಂಗಿ ಹೊಟ್ಟೆ ಉಬ್ಬುತ್ತದೆ, ತೇಗು ಬರುತ್ತದೆ, ಅಳತೆಯೂ ತಪ್ಪುತ್ತದೆ. 300 ಮಿಲಿಲೀಟರು ಪಾನೀಯ ಜಾರಿನಲ್ಲಿ 450ರ ಗೆರೆ ಮುಟ್ಟಿದರೆ ಅದರ ಮೂರನೆಯ ಒಂದು ಪಾಲು ಬರಿಯ ಗಾಳಿ. ಹಣ್ಣಿನ ರಸದ ಅಂಗಡಿಯಲ್ಲಿ ಲೋಟ ತುಂಬಿತೆಂದು ಸಂತೋಷಪಡುವ ಮುಂಚೆ ಈ ಲೆಕ್ಕ ನೆನಪಿರಲಿ.

ಅಡುಗೆಮನೆಯ ವಿಷಯವನ್ನು ವಿಜ್ಞಾನವೆಂದು ಒಪ್ಪದವರು ಆಗ್ನೆಸ್ ಪೊಕೆಲ್ಸ್ ಅವರ ಕತೆ ಕೇಳಬೇಕು. 1862ರಲ್ಲಿ ಹುಟ್ಟಿದ ಈ ಜರ್ಮನ್ ಮಹಿಳೆಗೆ ವಿಶ್ವವಿದ್ಯಾನಿಲಯದ ಬಾಗಿಲು ತೆರೆದಿರಲಿಲ್ಲ, ಮನೆವಾರ್ತೆ ನೋಡಿಕೊಳ್ಳುತ್ತಿದ್ದರು. ಜಿಡ್ಡು ನೀರಿನ ಮೇಲ್ಮೈಯನ್ನು ಹೇಗೆ ಬದಲಿಸುತ್ತದೆಂದು ಅವರು ಮನೆಯಲ್ಲೇ ತಗಡಿನ ತೊಟ್ಟಿಯೊಂದನ್ನು ಇಟ್ಟುಕೊಂಡು ಅಳೆದರು. 1891ರಲ್ಲಿ ತಮ್ಮ ಫಲಿತಾಂಶಗಳನ್ನು ಇಂಗ್ಲೆಂಡಿನ ಲಾರ್ಡ್ ರ‍್ಯಾಲೆ ಅವರಿಗೆ ಪತ್ರದಲ್ಲಿ ಬರೆದರು. ರ‍್ಯಾಲೆ ಅದನ್ನು ‘ನೇಚರ್’ ಪತ್ರಿಕೆಗೆ ಕಳಿಸಿದರು, ಅದೇ ವರ್ಷ ಅದು ಅಚ್ಚಾಯಿತು.

ಜಿಡ್ಡಿಗೂ ನೊರೆಗೂ ಇರುವ ಹಗೆತನ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಮಂಡ್ಯದ ಕಡೆಯ ಆಲೆಮನೆಗೆ ಹೋದರೆ ನೋಡಬಹುದು: ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಬುರುಗೆದ್ದು ಉಕ್ಕಿಬರುವಾಗ ಒಂದಿಷ್ಟು ಎಣ್ಣೆ ಚಿಮುಕಿಸುತ್ತಾರೆ, ಬುರುಗು ಇಳಿಯುತ್ತದೆ. ಬೇಳೆ ಬೇಯುವ ಪಾತ್ರೆಗೆ ಅಮ್ಮ ಒಂದು ಹನಿ ಎಣ್ಣೆ ಬಿಡುವುದೂ ಇದಕ್ಕೇ. ಎಣ್ಣೆಯ ಹನಿ ಗುಳ್ಳೆಯ ಪೊರೆಯ ಮೇಲೆ ಸರಸರ ಹರಡುತ್ತ ಅಲ್ಲಿದ್ದ ನೀರನ್ನೂ ಎಳೆದೊಯ್ಯುತ್ತದೆ. ಪೊರೆ ತೆಳುವಾಗಿ ಹರಿಯುತ್ತದೆ. ಪಾನೀಯಕ್ಕೂ ಈ ಉಪಾಯ ಸಲ್ಲುತ್ತದೆ. ನೊರೆ ಎದ್ದ ಮೇಲೆ ವಾಸನೆಯಿಲ್ಲದ ಅಡುಗೆ ಎಣ್ಣೆಯ ಎರಡು ಹನಿ ಬಿಟ್ಟು ಚಮಚದಿಂದ ಮೆಲ್ಲಗೆ ತಿರುವಿ. ಮೊದಲೇ ಹಾಕಿ ಮಿಕ್ಸಿ ತಿರುಗಿಸಿದರೆ ಎಣ್ಣೆ ನುಣ್ಣಗೆ ಒಡೆದು, ಪ್ರೋಟೀನಿನ ಹೊದಿಕೆ ಹೊದ್ದು, ಅದರ ಕಸುವು ತಗ್ಗುತ್ತದೆ.

ಆದರೆ ಎದ್ದ ನೊರೆಯನ್ನು ಇಳಿಸುವುದಕ್ಕಿಂತ ಏಳಿಸದಿರುವುದು ಜಾಣತನ. ಮಿಕ್ಸಿಯ ಬ್ಲೇಡು ವೇಗವಾಗಿ ತಿರುಗಿದಾಗ ದ್ರವದ ನಡುವೆ ಸುಳಿ ಏಳುತ್ತದೆ. ಆ ಸುಳಿಯೇ ಮೇಲಿನ ಗಾಳಿಯನ್ನು ಕೆಳಕ್ಕೆ ಎಳೆದು ಪುಡಿಗೈಯುತ್ತದೆ. ಆದ್ದರಿಂದ ದೊಡ್ಡ ಜಾರಿನಲ್ಲಿ ತಳಮಟ್ಟದ ಹಾಲು ಹಾಕಿ ತಿರುಗಿಸಬೇಡಿ. ಅಳತೆಗೆ ತಕ್ಕ ಜಾರು ತೆಗೆದುಕೊಳ್ಳಿ. ಮೊದಲು ಹಣ್ಣನ್ನು ಬಹಳ ಕಡಿಮೆ ಹಾಲಿನಲ್ಲಿ ಗಟ್ಟಿಯಾಗಿ ರುಬ್ಬಿ. ನುಣ್ಣಗಾದ ಮೇಲೆ ಮಿಕ್ಕ ಹಾಲು ಸೇರಿಸಿ ಕಡಿಮೆ ವೇಗದಲ್ಲಿ ಕ್ಷಣಹೊತ್ತು ತಿರುಗಿಸಿದರೆ ಸಾಕು. ಮೂರು ನಿಮಿಷ ಓಡಿಸಿದರೆ ಮಿಕ್ಸಿಯೂ ಬಿಸಿ, ನೊರೆಯೂ ಬಿಸಿ!

ಪ್ರೋಟೀನ್ ಪುಡಿಯನ್ನಂತೂ ಮಿಕ್ಸಿಗೆ ಹಾಕಬೇಕಾಗಿಯೇ ಇಲ್ಲ. ರಾಗಿ ಅಂಬಲಿಗೆ ಹಿಟ್ಟನ್ನು ಮೊದಲು ಸ್ವಲ್ಪ ತಣ್ಣೀರಿನಲ್ಲಿ ಗಂಟಿಲ್ಲದ ಹಾಗೆ ಕದಡಿಕೊಳ್ಳುತ್ತಾರಲ್ಲ, ಹಾಗೆಯೇ ಪುಡಿಯನ್ನು ನಾಲ್ಕಾರು ಚಮಚ ಹಾಲಿನಲ್ಲಿ ಕಲಸಿ ಮುದ್ದೆಯಂತೆ ಮಾಡಿಕೊಳ್ಳಿ, ಆಮೇಲೆ ಉಳಿದ ಹಾಲಿನೊಡನೆ ನಿಧಾನವಾಗಿ ಬೆರೆಸಿ. ಬಾಟಲಿಯೇ ಬೇಕೆಂದರೆ ಕುತ್ತಿಗೆಯ ತನಕ ತುಂಬಿ. ಒಳಗೆ ಗಾಳಿಗೆ ಜಾಗ ಕಡಿಮೆಯಾದಷ್ಟೂ ನೊರೆ ಕಡಿಮೆ. ಸುರಿಯುವಾಗ ಲೋಟವನ್ನು ಓರೆ ಹಿಡಿದು ಗೋಡೆಯ ಮೇಲೆ ಇಳಿಸಿ, ಕಾಫಿಯ ಗತ್ತು ಇಲ್ಲಿ ಬೇಡ. ಇಷ್ಟಾದರೂ ನೊರೆ ನಿಂತಿದ್ದರೆ ಹತ್ತು ನಿಮಿಷ ಬಿಟ್ಟುಬಿಡಿ. ಪೊರೆಗಳ ನೀರು ತಾನಾಗಿ ಕೆಳಗಿಳಿದು ಗುಳ್ಳೆಗಳು ಒಡೆಯುತ್ತವೆ, ಪ್ರೋಟೀನ್ ಪಾನೀಯಕ್ಕೇ ಮರಳುತ್ತದೆ. ಬಾಳೆಹಣ್ಣಿನದು ಮಾತ್ರ ಇನ್ನೂ ಹಟಮಾರಿ, ಹಣ್ಣಿನ ನಾರು ಮತ್ತು ಪೆಕ್ಟಿನ್ ದ್ರವವನ್ನು ಗಟ್ಟಿ ಮಾಡಿ ನೀರು ಇಳಿಯದಂತೆ ತಡೆಯುತ್ತವೆ.

ಮನೆಯಲ್ಲೇ ಮಾಡಿ ನೋಡಲು ಒಂದು ಪ್ರಯೋಗ. ಒಂದೇ ಅಳತೆಯ ಮೂರು ಪಾರದರ್ಶಕ ಬಾಟಲಿಗಳಲ್ಲಿ ನೂರು ನೂರು ಮಿಲಿಲೀಟರು ನೀರು, ಹಾಲು, ಪ್ರೋಟೀನ್ ಪುಡಿ ಕದಡಿದ ನೀರು ಹಾಕಿ. ಪುಡಿ ಇಲ್ಲದಿದ್ದರೆ ಅದಕ್ಕಾಗಿ ಖರ್ಚು ಮಾಡಬೇಡಿ, ಮೊಟ್ಟೆಯ ಬಿಳಿಭಾಗ ಕದಡಿದ ನೀರು ಆದೀತು, ಅದನ್ನು ಕುಡಿಯುವಂತಿಲ್ಲ. ಮೂರನ್ನೂ ಮೂವತ್ತು ಸಲ ಒಂದೇ ಬಗೆಯಲ್ಲಿ ಕುಲುಕಿ, ನೊರೆಯ ಎತ್ತರವನ್ನು ಅಳತೆಪಟ್ಟಿಯಿಂದ ಅಳೆದು ಬರೆದುಕೊಳ್ಳಿ. ಐದು ನಿಮಿಷಕ್ಕೆ, ಹತ್ತು ನಿಮಿಷಕ್ಕೆ ಮತ್ತೆ ಅಳೆಯಿರಿ. ಆಮೇಲೆ ಒಂದೊಂದು ಹನಿ ಎಣ್ಣೆ ಬಿಟ್ಟು ನೋಡಿ. ಮರುದಿನ ಇದನ್ನೇ ಮತ್ತೆ ಮಾಡುವುದಾದರೆ ಬಾಟಲಿಗಳನ್ನು ಸೋಪಿನಿಂದ ತೊಳೆದು, ಸೋಪು ಚೂರೂ ಉಳಿಯದಂತೆ ಮೂರು ನಾಲ್ಕು ಸಲ ಜಾಲಿಸಿ. ಸೋಪು ಉಳಿದರೆ ಬರಿಯ ನೀರಿನ ಬಾಟಲಿಯಲ್ಲೂ ನೊರೆ ನಿಂತು ನಿಮ್ಮ ಲೆಕ್ಕವೆಲ್ಲ ತಲೆಕೆಳಗಾದೀತು.